ಪ್ರಶಸ್ತಿ ಪಡೆದ ಎಂಜಿನಿಯರಿಂಗ್ ಸಂಸ್ಥೆಗೆ ನಮ್ಮ ಕೆರೆಯ ಕೆಲಸ ಒಪ್ಪಿಸುವ ಮುನ್ನ ಏನೇನು ವಿಚಾರಿಸಬೇಕು?

ಪ್ರಶ್ನೆ ಕೇಳಿದವರು: ಕಡೂರಿನ ಅಚ್ಚುಕಟ್ಟುದಾರ

ಎಲ್ಲರಿಗೂ ನಮಸ್ಕಾರ. ಚಿಕ್ಕಮಗಳೂರು ಜಿಲ್ಲೆಯ ಕಡೂರು ತಾಲ್ಲೂಕಿನ ನಮ್ಮೂರ ಕೆರೆಯ ಪುನಶ್ಚೇತನಕ್ಕೆ ಕಂಪನಿಯೊಂದರ ಸಿಎಸ್‌ಆರ್, ಅಂದರೆ ಸಾಮಾಜಿಕ ಹೊಣೆಗಾರಿಕೆಯ, ನಿಧಿಯಿಂದ ಹಣ ಸಿಗುವ ಸಂಭವವಿದೆ. ವಿಸ್ತೃತ ಯೋಜನಾ ವರದಿ, ಅಂದರೆ ಡಿಪಿಆರ್, ತಯಾರಿಸಿಕೊಡಲು ಮುಂದೆ ಬಂದಿರುವ ಎಂಜಿನಿಯರಿಂಗ್ ಸಲಹಾ ಸಂಸ್ಥೆಯೊಂದರ ಪ್ರತಿನಿಧಿಗಳು ನಮ್ಮ ಕೆರೆ ಬಳಕೆದಾರರ ಸಂಘದ ಸಭೆಗೆ ಬಂದು, ತಾವು ಕೈಗೊಂಡ ನೀರು ಶುದ್ಧೀಕರಣ ಘಟಕ, ಸೇತುವೆ, ನದಿತೀರದ ಉದ್ಯಾನ ಮುಂತಾದವುಗಳ ಚಿತ್ರಗಳನ್ನು ತೋರಿಸಿದರು. ಬಹುಪಾಲು ಚಿತ್ರಗಳ ಕೆಳಗೆ ಒಂದಲ್ಲ ಒಂದು ಪ್ರಶಸ್ತಿಯ ಹೆಸರಿತ್ತು. ನಮ್ಮ ಕೆರೆಗೆ ಮಾದರಿಯಾಗಬಲ್ಲದೆಂದು ಸಿಂಗಪುರದ ಬಿಷಾನ್ ಉದ್ಯಾನದ ಚಿತ್ರವನ್ನೂ ತೋರಿಸಿದರು.

ಸಭೆಯಲ್ಲಿದ್ದ ಹಿರಿಯರು ತೂಬು (ಗದ್ದೆಗೆ ನೀರು ಬಿಡುವ ಬಾಗಿಲು), ಕೋಡಿ (ತುಂಬಿದ ಕೆರೆಯ ಹೆಚ್ಚುವರಿ ನೀರು ಹೊರಹೋಗುವ ದಾರಿ) ಮತ್ತು ಕೆರೆಗೆ ನೀರು ತರುವ ಪೋಷಕ ಕಾಲುವೆಗಳ ಬಗ್ಗೆ ಕೇಳಿದಾಗ, ಅವನ್ನೆಲ್ಲ ಮುಂದಿನ ಹಂತದಲ್ಲಿ ಪರಿಶೀಲಿಸುವುದಾಗಿ ಉತ್ತರ ಬಂದಿತು. ಅವರ ಸಾಮರ್ಥ್ಯವನ್ನು ಶಂಕಿಸುವುದು ನನ್ನ ಉದ್ದೇಶವಲ್ಲ. ಆದರೆ ಇಂತಹ ಪ್ರಶಸ್ತಿಗಳನ್ನು ಯಾರು, ಯಾವುದನ್ನು ನೋಡಿ ಕೊಡುತ್ತಾರೆ, ಸಂಸ್ಥೆಯನ್ನು ಆರಿಸುವಾಗ ಅವಕ್ಕೆ ಎಷ್ಟು ಬೆಲೆ ಕೊಡಬೇಕು, ಒಪ್ಪಂದಕ್ಕೆ ಮೊದಲು ನಾವು ಏನನ್ನು ಕೇಳಬೇಕು ಎಂಬುದನ್ನು ತಿಳಿದವರು ವಿವರಿಸಬೇಕೆಂದು ಕೋರುತ್ತೇನೆ.

ಉತ್ತರ: ನಿವೃತ್ತ ನೀರಾವರಿ ಎಂಜಿನಿಯರ್, ಹಾಸನ

ತಾವು ಕೇಳಿರುವುದು ಬಹಳ ಅಗತ್ಯವಾದ ಪ್ರಶ್ನೆ. ಎಂಜಿನಿಯರಿಂಗ್ ಪ್ರಶಸ್ತಿಗಳೆಲ್ಲ ಒಂದೇ ಬಗೆಯವಲ್ಲ. ಅಮೆರಿಕದ ಸಿವಿಲ್ ಎಂಜಿನಿಯರುಗಳ ಸಂಘವು 1960ರಿಂದ ಪ್ರತಿವರ್ಷ ಮಹತ್ವದ ಕಾಮಗಾರಿಗೆ ಪ್ರಶಸ್ತಿ ಕೊಡುತ್ತಾ ಬಂದಿದೆ. ಮೊದಲನೆಯದು ಸೇಂಟ್ ಲಾರೆನ್ಸ್ ಜಲಮಾರ್ಗ ಮತ್ತು ವಿದ್ಯುತ್ ಯೋಜನೆಗೆ ಸಂದಿತು. ಅದೇ ದೇಶದ ಸಲಹಾ ಸಂಸ್ಥೆಗಳ ಒಕ್ಕೂಟವು ನಡೆಸುವ ವಾರ್ಷಿಕ ಸ್ಪರ್ಧೆಯಲ್ಲಿ ಸಂಸ್ಥೆಗಳು ತಮ್ಮ ಕೆಲಸವನ್ನು ತಾವೇ ಶುಲ್ಕ ಕಟ್ಟಿ ಸಲ್ಲಿಸುತ್ತವೆ, ರಾಜ್ಯ ಮಟ್ಟದಲ್ಲಿ ಗೆದ್ದವು ರಾಷ್ಟ್ರ ಮಟ್ಟಕ್ಕೆ ಹೋಗುತ್ತವೆ. ಇದರಲ್ಲಿ ತಪ್ಪೇನೂ ಇಲ್ಲ. ತೀರ್ಪುಗಾರರು ನುರಿತವರೇ ಆಗಿರುತ್ತಾರೆ. ಆದರೆ ಅವರು ಸಾಮಾನ್ಯವಾಗಿ ನೋಡುವುದು ಆಗಷ್ಟೇ ಮುಗಿದ ಕೆಲಸವನ್ನು. ವಿನ್ಯಾಸ ಎಷ್ಟು ಹೊಸದು, ಸಮಸ್ಯೆ ಎಷ್ಟು ಜಟಿಲವಾಗಿತ್ತು, ಸಮಾಜಕ್ಕೆ ಏನು ಪ್ರಯೋಜನ ಎಂಬುದನ್ನು ಅಳೆಯುತ್ತಾರೆಯೇ ಹೊರತು, ಹತ್ತು ಮಳೆಗಾಲ ಕಳೆದ ಮೇಲೆ ಅದು ಹೇಗೆ ನಿಂತಿದೆ ಎಂಬುದನ್ನು ಅಳೆಯಲು ಅವರಿಗೆ ಅವಕಾಶವೇ ಇರುವುದಿಲ್ಲ.

ಇನ್ನೊಂದು ಬಗೆಯ ಪ್ರಶಸ್ತಿಯುಂಟು. ಕಾಂಬೋಡಿಯದ ನಾಮ್ ಪೆನ್ ನಗರದ ನೀರು ಸರಬರಾಜು ಸಂಸ್ಥೆಗೆ 2010ರಲ್ಲಿ ಸ್ಟಾಕ್‌ಹೋಮ್ ಕೈಗಾರಿಕಾ ಜಲ ಪ್ರಶಸ್ತಿ ಬಂತು. 1993ರಲ್ಲಿ ಆ ನಗರಕ್ಕೆ ಬಿಡುತ್ತಿದ್ದ ನೀರಿನಲ್ಲಿ ಶೇ. 72ರಷ್ಟು ಸೋರಿಕೆ, ಕಳವು ಮತ್ತು ಲೆಕ್ಕಕ್ಕೆ ಸಿಗದ ಬಳಕೆಯಲ್ಲಿ ಹೋಗುತ್ತಿತ್ತು. ಕೊಳವೆ ಬದಲಿಸಿ, ಮೀಟರು ಹಾಕಿ, ಸಿಬ್ಬಂದಿಯನ್ನು ಹೊಣೆಗಾರರನ್ನಾಗಿ ಮಾಡಿ ಅದನ್ನು ಸುಮಾರು ಶೇ. 6ಕ್ಕೆ ಇಳಿಸಿದರು. ಅಲ್ಲಿ ಮನ್ನಣೆ ದೊರೆತದ್ದು ವರ್ಷಗಟ್ಟಲೆ ನಡೆದು ತೋರಿಸಿದ ಫಲಿತಾಂಶಕ್ಕೆ. ನನ್ನ ಮಟ್ಟಿಗೆ ಇಂತಹ ಪ್ರಶಸ್ತಿಯ ತೂಕವೇ ಹೆಚ್ಚು.

ಬಿಷಾನ್ ಉದ್ಯಾನದ ಬಗ್ಗೆ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ, ಏಕೆಂದರೆ ಅದು ನಿಜಕ್ಕೂ ಶ್ರೇಷ್ಠವಾದ ಕೆಲಸ. ಸಿಂಗಪುರದ ಕಲಾಂಗ್ ನದಿಯು ಆ ಭಾಗದಲ್ಲಿ 2.7 ಕಿಲೋಮೀಟರ್ ಉದ್ದದ ನೇರವಾದ ಕಾಂಕ್ರೀಟ್ ನಾಲೆಯಾಗಿತ್ತು. ಆ ಕಾಂಕ್ರೀಟನ್ನು ಒಡೆದು ತೆಗೆದು, ಅದನ್ನು 3.2 ಕಿಲೋಮೀಟರ್ ಉದ್ದಕ್ಕೆ ಬಳಸಿ ಹರಿಯುವ ಸಹಜ ನದಿಯನ್ನಾಗಿ ಮಾಡಲಾಯಿತು. 62 ಹೆಕ್ಟೇರಿನ ಉದ್ಯಾನದ ತಗ್ಗು ಭಾಗವೇ ಮಳೆ ಹೆಚ್ಚಾದಾಗ ಪ್ರವಾಹವನ್ನು ತಾಳಿಕೊಳ್ಳುವ ಬಯಲಾಗುತ್ತದೆ. 2012ರಲ್ಲಿ ಅದು ತೆರೆಯಿತು, ಅದೇ ವರ್ಷ ವಿಶ್ವ ವಾಸ್ತುಶಿಲ್ಪ ಉತ್ಸವದಲ್ಲಿ ವರ್ಷದ ಭೂದೃಶ್ಯ ಯೋಜನೆಯೆಂಬ ಪ್ರಶಸ್ತಿಯನ್ನೂ ಪಡೆಯಿತು. ಚಿತ್ರ ನೋಡಿದವರ ಗಮನಕ್ಕೆ ಬಾರದ ಒಂದು ಸಂಗತಿಯಿದೆ: ಗಿಡದ ಬೇರು ಮತ್ತು ಕಲ್ಲುಗಳಿಂದ ದಡವನ್ನು ಹಿಡಿದು ನಿಲ್ಲಿಸುವ ವಿಧಾನ ಆ ಹವಾಮಾನಕ್ಕೆ ಒಗ್ಗುತ್ತದೆಯೇ ಎಂದು ತಿಳಿಯಲು, ಮೊದಲು ಉದ್ಯಾನದ ಬದಿಯ 60 ಮೀಟರ್ ಉದ್ದದ ಚರಂಡಿಯೊಂದರಲ್ಲಿ ಹಲವು ಬಗೆಯ ಕಟ್ಟಣೆಗಳನ್ನೂ ಸಸ್ಯಗಳನ್ನೂ ಪ್ರಯೋಗಿಸಿ ನೋಡಿದರು. ನಾವು ಅನುಕರಿಸಬೇಕಾದದ್ದು ಆ ಹುಲ್ಲುಹಾಸನ್ನಲ್ಲ, ಈ ಎಚ್ಚರವನ್ನು.

ಆ ಕೆಲಸ ಯಾರದು ಎಂಬುದನ್ನೂ ನೋಡಿ. ಭೂದೃಶ್ಯ ವಿನ್ಯಾಸ ಆಟೆಲಿಯೆ ಡ್ರೈಸೈಟಲ್ ಸಂಸ್ಥೆಯದು, ಸ್ಥಳೀಯ ಎಂಜಿನಿಯರಿಂಗ್ ಹೊಣೆ ಸಿಎಚ್2ಎಂ ಹಿಲ್ ಸಂಸ್ಥೆಯದು. ಮೊದಲನೆಯದು 2013ರಲ್ಲಿ ರಾಂಬೊಲ್ ಸಂಸ್ಥೆಯನ್ನು ಸೇರಿತು, ಎರಡನೆಯದನ್ನು 2017ರಲ್ಲಿ ಜೇಕಬ್ಸ್ ಸಂಸ್ಥೆ ಕೊಂಡುಕೊಂಡಿತು. ಹೀಗೆ ಒಂದೇ ಕಾಮಗಾರಿ ಹಲವು ಸಂಸ್ಥೆಗಳ ಪಟ್ಟಿಯಲ್ಲಿ ನ್ಯಾಯವಾಗಿಯೇ ಕಾಣಿಸಿಕೊಳ್ಳಬಹುದು. ಆದ್ದರಿಂದ ತಮ್ಮ ಸಭೆಗೆ ಬಂದವರನ್ನು, ಚಿತ್ರದಲ್ಲಿರುವ ಕೆಲಸದ ಯಾವ ಭಾಗವನ್ನು ತಾವು ಮಾಡಿದಿರಿ, ಅದನ್ನು ಮಾಡಿದ ಎಂಜಿನಿಯರು ಈಗಲೂ ತಮ್ಮಲ್ಲಿದ್ದಾರೆಯೇ, ಅವರು ನಮ್ಮ ಕೆರೆಗೆ ಬರುತ್ತಾರೆಯೇ ಎಂದು ಮೊದಲು ಕೇಳಿ.

ಉತ್ತರ: ಪರಿಸರ ಎಂಜಿನಿಯರಿಂಗ್ ಅಧ್ಯಾಪಕಿ, ಹಾಸನ

ಮೇಲಿನ ಮಾತನ್ನು ಒಪ್ಪುತ್ತೇನೆ. ಒಂದು ಅಂಶವನ್ನು ಮಾತ್ರ ಸೇರಿಸುತ್ತೇನೆ. ಪರಿಸರ ಸಂಬಂಧಿ ಕಾಮಗಾರಿಯ ಯೋಗ್ಯತೆ ತಿಳಿಯುವುದು ಅಳತೆಯಿಂದ. ಕ್ವಾಲಾಲಂಪುರದ ಸ್ಮಾರ್ಟ್ ಸುರಂಗವನ್ನೇ ತೆಗೆದುಕೊಳ್ಳಿ: 9.7 ಕಿಲೋಮೀಟರ್ ಉದ್ದದ ಆ ಸುರಂಗದಲ್ಲಿ ಸಾಮಾನ್ಯ ದಿನಗಳಲ್ಲಿ ಒಂದು ಭಾಗದಲ್ಲಿ ವಾಹನಗಳು ಓಡಾಡುತ್ತವೆ, ಮಧ್ಯಮ ಮಳೆಯಾದಾಗ ರಸ್ತೆಯ ಕೆಳಗಿನ ಪಾತಳಿಯಲ್ಲಿ ನೀರು ಹರಿಯುತ್ತದೆ, ಭಾರಿ ಮಳೆಯಾದಾಗ ಸಂಚಾರವನ್ನು ನಿಲ್ಲಿಸಿ ಇಡೀ ಸುರಂಗವನ್ನು ನೀರಿಗೆ ಬಿಡುತ್ತಾರೆ. 2007ರಲ್ಲಿ ಬಳಕೆಗೆ ಬಂದ ಅದಕ್ಕೆ ವಿಶ್ವಸಂಸ್ಥೆಯ ವಸತಿ ವಿಭಾಗದ ಗೌರವ ಸಂದದ್ದು 2011ರಲ್ಲಿ, ಅಂದರೆ ಕೆಲವು ಮಳೆಗಾಲಗಳನ್ನು ಕಂಡ ನಂತರ. ಪ್ರಶಸ್ತಿಯ ವರ್ಷ ಮತ್ತು ಕಾಮಗಾರಿ ಬಳಕೆಗೆ ಬಂದ ವರ್ಷಗಳ ನಡುವಿನ ಅಂತರವನ್ನು ಗಮನಿಸುವ ಅಭ್ಯಾಸ ಒಳ್ಳೆಯದು.

ತಮ್ಮ ಕೆರೆಗೆ ಊರಿನ ಬಚ್ಚಲು ನೀರು ಸೇರುತ್ತಿದ್ದರೆ, ವರದಿ ಬರೆಯುವ ಮೊದಲೇ ಮಳೆಗಾಲ ಮತ್ತು ಬೇಸಿಗೆ ಎರಡರಲ್ಲೂ ನೀರಿನ ಮಾದರಿ ತೆಗೆದು ಪರೀಕ್ಷಿಸಬೇಕು. ಸಾವಯವ ಕೊಳೆಯ ಜೊತೆಗೆ ಸಾರಜನಕ ಮತ್ತು ರಂಜಕದ ಪ್ರಮಾಣವನ್ನೂ ನೋಡಬೇಕು, ಏಕೆಂದರೆ ಪಾಚಿ ಮತ್ತು ಜಲಕಳೆ ಹಬ್ಬುವುದು ಇವುಗಳಿಂದ. ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ಕೊಳಚೆ ನೀರು 2018ರಿಂದ ಕೋಲಾರದ ಕೆರೆಗಳನ್ನು ತುಂಬುತ್ತಿದೆ. ಅಂತರ್ಜಲ ಮೇಲೆ ಬಂದದ್ದನ್ನು ಸಂತೋಷದಿಂದ ಹೇಳುವ ರೈತರಿದ್ದಾರೆ, ಮುಖ್ಯವಾಗಿ ಸಾವಯವ ಕೊಳೆಯನ್ನು ತೆಗೆಯುವ ಎರಡನೇ ಹಂತದ ಸಂಸ್ಕರಣೆ ಸಾಲದು, ಸಾರಜನಕ, ರಂಜಕಗಳಂಥವನ್ನೂ ತಗ್ಗಿಸುವ ಮೂರನೆಯದೂ ಬೇಕು ಎಂದು ಪಟ್ಟು ಹಿಡಿದವರೂ ಇದ್ದಾರೆ. ಈ ಎರಡು ಮಾತುಗಳನ್ನು ತೂಗಿ ನೋಡಲು ನಮಗಿರುವ ಆಧಾರವೆಂದರೆ ಕ್ರಮವಾಗಿ ತೆಗೆದಿಟ್ಟ ಅಂಕಿಗಳು ಮಾತ್ರ. ತಮ್ಮ ಸಭೆಗೆ ಬಂದ ಸಲಹಾ ಸಂಸ್ಥೆಯು ಹಿಂದೆ ಮಾಡಿದ ಕೆಲಸಗಳಲ್ಲಿ ಅಂತಹ ಅಂಕಿಗಳನ್ನು ಕಾಪಾಡಿದೆಯೇ ಎಂದು ಕೇಳಿ. ಸರ್ಕಾರಿ ಹಣದ ಕಾಮಗಾರಿಯಾಗಿದ್ದರೆ ಮಾಹಿತಿ ಹಕ್ಕು ಅಧಿನಿಯಮ, 2005ರ ಅಡಿಯಲ್ಲಿ ತಾವೇ ಅರ್ಜಿ ಹಾಕಿ ಪಡೆಯಬಹುದು.

ಉತ್ತರ: ಸಖರಾಯಪಟ್ಟಣದ ಕೃಷಿಕ

ನಾನು ಎಂಜಿನಿಯರಲ್ಲ, ಆದರೆ ಅಯ್ಯನಕೆರೆಯ ನೀರಿನಲ್ಲಿ ಬೆಳೆದ ಅಡಿಕೆ ತೆಂಗು ನೋಡಿಕೊಂಡೇ ಬಂದವನು. ಬಾಬಾಬುಡನ್‌ಗಿರಿಯ ತಪ್ಪಲಿನಿಂದ ಇಳಿದ ನೀರು ಅಯ್ಯನಕೆರೆಯಲ್ಲಿ ನಿಂತು, ವೇದಾ ಹೊಳೆಯಾಗಿ ಕಡೂರಿನ ಕಡೆಗೆ ಹರಿಯುತ್ತದೆ. ನಮ್ಮ ಜಿಲ್ಲೆಯಲ್ಲಿ ಶೃಂಗೇರಿಯ ಕಡೆ ಬೀಳುವ ಮಳೆಗೂ ಕಡೂರಿನ ಬಯಲಿನ ಸುಮಾರು 600 ಮಿಲಿಮೀಟರ್ ಮಳೆಗೂ ಅಜಗಜಾಂತರ. ವರ್ಷವಿಡೀ ಮಳೆ ಕಾಣುವ ಸಿಂಗಪುರದ ನದಿದಂಡೆಯ ಗಿಡಗಳು ಫೆಬ್ರವರಿಯಲ್ಲಿ ಒಣಗಿ ಬಿರುಕು ಬಿಡುವ ಕಡೂರಿನ ಕೆರೆಯಂಗಳದಲ್ಲಿ ಬದುಕುವುದು ಕಷ್ಟ.

ನಮ್ಮ ಬಯಲುಸೀಮೆಯ ಕೆರೆಗಳು ಒಂಟಿಯಾಗಿ ಇರುವಂಥವಲ್ಲ. ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನ ಕೆರೆಗೆ ನೀರು. ತಮ್ಮ ಕೆರೆಯೊಂದನ್ನೇ ಆಳವಾಗಿ ತೋಡಿ, ಸುತ್ತ ಕಲ್ಲು ಕಟ್ಟಿ, ನಡೆದಾಡುವ ದಾರಿ ಮಾಡಿ, ಮೇಲಿನಿಂದ ಬರುವ ಕಾಲುವೆಯ ಒತ್ತುವರಿಯನ್ನು ಹಾಗೆಯೇ ಬಿಟ್ಟರೆ ಕೆರೆ ತುಂಬುವುದಿಲ್ಲ. ಹೂಳೆತ್ತುವಾಗಲೂ ತಳದ ಜಿಗಟು ಮಣ್ಣಿನ ಪದರವನ್ನು ಕಿತ್ತರೆ ನೀರು ನಿಲ್ಲದೆ ಇಂಗಿ ಹೋಗುತ್ತದೆ. ಮೇಲಿನ ಗೋಡನ್ನು ಮಾತ್ರ ತೆಗೆದು ಹೊಲಗಳಿಗೆ ಹೊಡೆಸಿಕೊಳ್ಳುವುದು ನಮ್ಮ ಹಿರಿಯರು ನಡೆಸಿಕೊಂಡು ಬಂದ ಪದ್ಧತಿ. ತೂಬನ್ನು ಯಾವಾಗ ಎತ್ತಬೇಕು, ಯಾವ ಗದ್ದೆಗೆ ಎಷ್ಟು ನೀರು ಎಂಬುದನ್ನು ನೋಡಿಕೊಳ್ಳುತ್ತಿದ್ದ ನೀರುಗಂಟಿಯ ಮನೆಯವರು ತಮ್ಮೂರಿನಲ್ಲಿ ಇನ್ನೂ ಇದ್ದರೆ, ಎಂಜಿನಿಯರುಗಳು ಮೊದಲು ಅವರ ಜೊತೆ ಏರಿಯ ಮೇಲೆ ನಡೆಯಲಿ.

ಪ್ರಶ್ನೆ ಕೇಳಿದವರು: ಕಡೂರಿನ ಅಚ್ಚುಕಟ್ಟುದಾರ

ಮೂವರಿಗೂ ಕೃತಜ್ಞತೆಗಳು. ನಮ್ಮ ಕೆರೆಗೆ ಮೇಲಿನಿಂದ ಎರಡು ಕಾಲುವೆಗಳು ಬರುತ್ತವೆ. ಒಂದು ಬಹುಪಾಲು ಮುಚ್ಚಿಹೋಗಿದೆ. ಇದನ್ನು ಸಲಹಾ ಸಂಸ್ಥೆಯ ಕೆಲಸದ ವ್ಯಾಪ್ತಿಗೆ ಸೇರಿಸಲು ಸಾಧ್ಯವೇ? ಬಂದಿರುವ ಸಂಸ್ಥೆಯನ್ನೇ ಮುಂದುವರಿಸುವುದಾದರೆ ಒಪ್ಪಂದದಲ್ಲಿ ಏನು ಬರೆಸಬೇಕು?

ಉತ್ತರ: ನಿವೃತ್ತ ನೀರಾವರಿ ಎಂಜಿನಿಯರ್, ಹಾಸನ

ಖಂಡಿತ ಸೇರಿಸಬೇಕು. ಕಾಲುವೆಯ ಸರ್ವೆ ಇಲ್ಲದ ವರದಿಯನ್ನು ಒಪ್ಪಿಕೊಳ್ಳಬೇಡಿ. ಒತ್ತುವರಿಯ ತೆರವು ಸಲಹಾ ಸಂಸ್ಥೆಯ ಕೈಯಲ್ಲಿಲ್ಲ, ಅದು ಕಂದಾಯ ಇಲಾಖೆಯ ಮೂಲಕವೇ ಆಗಬೇಕು. ಆದರೆ ಗ್ರಾಮನಕ್ಷೆಯನ್ನು ಹಿಡಿದು ಕಾಲುವೆ ಎಲ್ಲಿಂದ ಎಲ್ಲಿಗೆ ಹರಿಯುತ್ತಿತ್ತು ಎಂದು ಗುರುತಿಸಿಕೊಡುವುದು ಸಂಸ್ಥೆಯ ಕರ್ತವ್ಯ. ಕೆರೆ ಯಾವ ಇಲಾಖೆಯ ಅಥವಾ ಪಂಚಾಯಿತಿಯ ಸುಪರ್ದಿಯಲ್ಲಿದೆಯೋ ಅದರ ಲಿಖಿತ ಅನುಮತಿಯಿಲ್ಲದೆ ಏರಿಯನ್ನಾಗಲಿ ಕೋಡಿಯನ್ನಾಗಲಿ ಮುಟ್ಟಬಾರದು.

ಒಪ್ಪಂದದಲ್ಲಿ ಹಣ ಪಾವತಿಯನ್ನು ಹಂತಗಳಾಗಿ ಒಡೆಯಿರಿ. ಜಲಾನಯನದ ಸರ್ವೆ, ಹೂಳಿನ ಆಳದ ಅಳತೆ ಮತ್ತು ಏರಿಯ ಮಣ್ಣಿನ ಪರೀಕ್ಷೆ ಮುಗಿದ ಮೇಲೆ ಒಂದು ಭಾಗ. ಕೋಡಿಯ ಅಗಲವು ಭಾರಿ ಮಳೆಯ ಹರಿವಿಗೆ ಸಾಕೇ ಎಂಬ ಲೆಕ್ಕವನ್ನು ಕೊಟ್ಟು, ಅದನ್ನು ಸಣ್ಣ ನೀರಾವರಿ ಇಲಾಖೆಯ ಎಂಜಿನಿಯರೊಬ್ಬರಿಂದ ಪರಿಶೀಲಿಸಿದ ಮೇಲೆ ಇನ್ನೊಂದು ಭಾಗ. ಈ ಲೆಕ್ಕದ ವಿಷಯದಲ್ಲಿ ಯಾವ ದಾಕ್ಷಿಣ್ಯವೂ ಬೇಡ: ಮಣ್ಣಿನ ಏರಿಯ ಮೇಲೆ ನೀರು ಹತ್ತಿ ಹರಿದರೆ ಏರಿ ಒಡೆಯುತ್ತದೆ, ಕೆಳಗಿನ ಊರಿಗೆ ಅಪಾಯ. ಕೊನೆಯ ಭಾಗವನ್ನು ಕಾಮಗಾರಿ ಮುಗಿದು ಎರಡು ಮಳೆಗಾಲ ಕಳೆಯುವವರೆಗೆ ತಡೆಹಿಡಿಯಲು ಅವರು ಒಪ್ಪಿದರೆ, ಅದು ತಮ್ಮ ವಿನ್ಯಾಸದ ಮೇಲೆ ಅವರಿಗಿರುವ ಭರವಸೆಯನ್ನು ತೋರಿಸುತ್ತದೆ. ಒಪ್ಪದಿದ್ದರೆ ಕಾರಣವನ್ನು ಬರೆದುಕೊಡಲು ಕೇಳಿ, ಆ ಉತ್ತರವನ್ನು ಸಂಘದ ಸಭೆಯಲ್ಲಿ ಓದಿ ಹೇಳಿ, ಆಮೇಲೆ ತೀರ್ಮಾನಿಸಿ. ಗ್ರಾಮನಕ್ಷೆಯ ಪ್ರತಿಯನ್ನು ಮಾತ್ರ ಸಂಸ್ಥೆಗೆ ಕಾಯದೆ ಈಗಲೇ ಭೂಮಾಪನ ಇಲಾಖೆಯಿಂದ ತೆಗೆಸಿಟ್ಟುಕೊಳ್ಳಿ.