ಹೊಸ ಜಾಗ, ಹೊಸ ಕೆಲಸದ ಭಯ: ಮನೋವೈದ್ಯರನ್ನು ಕೇಳಿ

ಮಲ್ನಾಡ್ ಮಗಳು: ಮೇಡಂ, ಅಪ್ಪ ಹೋದ ಮೇಲೆ ಅಮ್ಮನನ್ನು ತೀರ್ಥಹಳ್ಳಿಯಿಂದ ಬೆಂಗಳೂರಿಗೆ ಕರೆತಂದು ಎರಡು ತಿಂಗಳಾಯಿತು. 74 ವರ್ಷ. ಮೊದಲು ಸುಮ್ನೆ ಮಂಕಾಗಿದ್ದರು. ಈಗ ನಾಲ್ಕು ದಿನದಿಂದ ರಾತ್ರಿ ಎದ್ದು ಬಾಗಿಲು ತಡಕುತ್ತಾರೆ. "ಹಾಲು ಕರೆಯೋದಿದೆ" ಅನ್ನುತ್ತಾರೆ. ಹಸು ಮಾರಿ ಎಂಟು ವರ್ಷವಾಯಿತು. ಹೊಸ ಜಾಗದ ಭಯ ಬಿಡಿಸುವುದು ಹೇಗೆ?

ಹಳ್ಳಿಮನೆ: ಜಾಯಿಕಾಯಿ ತೇದು ಹಾಲಲ್ಲಿ ಕೊಡಿ. ಫಾರ್ವರ್ಡ್ ಬಂದಿದೆ, ಮೂರೇ ದಿನ ಸಾಕಂತೆ.

ಡಾಕ್ಟರ್: ಕೊಡಬೇಡಿ. ಜಾಯಿಕಾಯಿ ಜಾಸ್ತಿಯಾದರೆ ಅದೇ ತಲೆ ಕೆಡಿಸುತ್ತದೆ. ಮಲ್ನಾಡ್ ಮಗಳು, ಮಾತ್ರೆ ಏನಾದರೂ ಬದಲಾಗಿದೆಯಾ?

ಮಲ್ನಾಡ್ ಮಗಳು: ಹತ್ತು ದಿನದ ಹಿಂದೆ ಬಿಪಿ ಮಾತ್ರೆ ಬದಲಾಯಿತು. ಮೂತ್ರ ಜಾಸ್ತಿ ಹೋಗುತ್ತೆ ಅಂದಿದ್ದರು. ಪಕ್ಕದ ಮನೆಯವರು ಕೊಟ್ಟ ಆತಂಕದ ಮಾತ್ರೆ ಆಲ್ಪ್ರಜೋಲಂ ಎರಡು ರಾತ್ರಿ ಅರ್ಧರ್ಧ ಕೊಟ್ಟೆ.

ಡಾಕ್ಟರ್: ಆಲ್ಪ್ರಜೋಲಂ ಇನ್ನು ಬೇಡ. ಈ ವಯಸ್ಸಿಗೆ ಅದರಿಂದ ಗೊಂದಲ ಹೆಚ್ಚುತ್ತದೆ, ಬಿದ್ದು ಮೂಳೆ ಮುರಿಯಬಹುದು. ಮೊದಲಿನ ಮಂಕು ದುಃಖ ಇರಬಹುದು, ಭಯ ಇರಬಹುದು. ಈ ನಾಲ್ಕು ದಿನದ್ದು ಬೇರೆ. ಇದ್ದಕ್ಕಿದ್ದಂತೆ ಜಾಗ, ಕಾಲ ತಪ್ಪಿದರೆ ನಾನು ಮೊದಲು ಡೆಲಿರಿಯಂ, ಅಂದರೆ ದಿಢೀರನೆ ಬರುವ ಬುದ್ಧಿಯ ಗೊಂದಲ ಅಂತಲೇ ನೋಡುತ್ತೇನೆ. ಅದರ ಕಾರಣ ದೇಹದಲ್ಲಿರುತ್ತದೆ: ಮೂತ್ರದ ಸೋಂಕು, ಮಲಬದ್ಧತೆ, ಮಾತ್ರೆ. ಮೂತ್ರ ಹೋಗಿಸುವ ಮಾತ್ರೆಯಿಂದ ರಕ್ತದ ಸೋಡಿಯಂ ಇಳಿಯಬಹುದು. ಅದು 135ರಿಂದ 145ರ ಒಳಗಿರಬೇಕು. ಇವತ್ತೇ ಆಸ್ಪತ್ರೆಗೆ ಹೋಗಿ, ನಾಳೆ ಅನ್ನಬೇಡಿ. ಎಲ್ಲ ಮಾತ್ರೆ ಜೊತೆಗಿರಲಿ. ಕನ್ನಡಕ ಮರೆಯಬೇಡಿ. ಹಸು ಇಲ್ಲ ಅಂತ ವಾದ ಮಾಡಬೇಡಿ.

ಹಳ್ಳಿಮನೆ: ಸೋಡಿಯಂ ಅಂದ್ರೆ ಉಪ್ಪು ಅಲ್ವಾ? ಉಪ್ಪುನೀರು ಕುಡಿಸಿದರಾಯಿತು.

ಡಾಕ್ಟರ್: ಕುಡಿಸಬೇಡಿ!

ದಾವಣಗೆರೆ ಅಪ್ಪ: ಮಗ ಕನ್ನಡ ಮಾಧ್ಯಮ, ಈಗ ಪಿಯು ಸೈನ್ಸ್. ಇಂಗ್ಲಿಷ್ ಪಾಠಕ್ಕೆ ಹೆದರಿ ಕಾಲೇಜಿಗೇ ಹೋಗಲ್ಲ.

ಡಾಕ್ಟರ್: ರಜೆ ಹಾಕಿಸಬೇಡಿ. ತಪ್ಪಿಸಿಕೊಂಡಷ್ಟೂ ಭಯ ಬೆಳೆಯುತ್ತದೆ. ಮೊದಲ ದಿನ ಒಂದೇ ಪೀರಿಯಡ್ ಕೂರಲಿ, ಆಮೇಲೆ ಎರಡು.

ಗದಗ: ನನ್ನ ಮಗಳೂ ಹೀಗೇ, ಏನು ಮಾಡಲಿ?

ಡಾಕ್ಟರ್: ಮೇಲೆ ಓದಿ.

ಹಳ್ಳಿಮನೆ: ಊರು ಬಿಡಿಸಿದ್ದೇ ತಪ್ಪು. ಆಯಮ್ಮನನ್ನು ಅಲ್ಲೇ ಬಿಡಬೇಕಿತ್ತು.

ಎರಡನೇ ಸೊಸೆ: ಬಚ್ಚಲಲ್ಲಿ ಬಿದ್ದರೆ ಎತ್ತುವವರು ಯಾರು, ನೀವಾ?

ಹಳ್ಳಿಮನೆ: ನಮ್ಮಮ್ಮನನ್ನು ಊರಲ್ಲೇ ನೋಡಿಕೊಂಡಿದ್ದೇನೆ.

ಎರಡನೇ ಸೊಸೆ: ನೀವೋ, ನಿಮ್ಮ ಹೆಂಡತಿಯೋ?

ಹಳ್ಳಿಮನೆ: ಮಾತು ಸರಿಯಾಗಿರಲಿ.

ಕೆಲಸದ ಚಿಂತೆ: 46ಕ್ಕೆ ಕೆಲಸ ಬದಲಿಸಬೇಕು, ಕೈ ನಡುಗುತ್ತೆ. ಯಾರಾದರೂ ಹೇಳಿ.

ಡಾಕ್ಟರ್: ಇಬ್ಬರೂ ನಿಲ್ಲಿಸಿ. ಒಬ್ಬರ ತಾಯಿ ಆಸ್ಪತ್ರೆಗೆ ಹೋಗುತ್ತಿದ್ದಾರೆ.

ಮಲ್ನಾಡ್ ಮಗಳು: ಸೋಡಿಯಂ 118. ಅಡ್ಮಿಟ್ ಮಾಡಿಕೊಂಡರು. ನಿಧಾನವಾಗಿ ಏರಿಸುತ್ತಾರಂತೆ.

ಡಾಕ್ಟರ್: ನಿಧಾನವಾಗಿಯೇ ಏರಿಸಬೇಕು. ಕರೆದುಕೊಂಡು ಹೋದಿರಲ್ಲ, ಒಳ್ಳೆಯದಾಯಿತು. ಮನೆಗೆ ಬಂದ ಮೇಲೆ ನಿಮ್ಮ ಮೊದಲ ಪ್ರಶ್ನೆ. ಊರಿನ ಹಾಸಿಗೆ, ಅವರ ಕಾಫಿ ಲೋಟ ತರಿಸಿ. ಸೊಪ್ಪು ಬಿಡಿಸುವುದೋ, ದೀಪ ಹಚ್ಚುವುದೋ, ಒಂದು ಕೆಲಸ ಅವರದೇ ಆಗಿರಲಿ. ಊರ ಮನೆ ಮಾರುವ ಮಾತು ಈಗ ಬೇಡ. ಬೀಗದ ಕೈ ಅವರ ಹತ್ತಿರವೇ ಇರಲಿ.

ಮಲ್ನಾಡ್ ಮಗಳು: ಸೆರಗಿನ ಗಂಟಲ್ಲೇ ಇದೆ ಮೇಡಂ. ವಾರ್ಡಿನಲ್ಲೂ ಬಿಚ್ಚಲು ಬಿಡಲಿಲ್ಲ.

ಕೆಲಸದ ಚಿಂತೆ: ಮೇಡಂ, ನನ್ನದು?