ಸಹಾಯ ಬೇಕು: ‘ಡಿಫಾರ್ಮೇಶನ್’ಗೆ ಸರಿಯಾದ ಕನ್ನಡ ಪದ ಯಾವುದು?

ಎಲ್ಲರಿಗೂ ನಮಸ್ಕಾರ. ಕನ್ನಡ ಮಾಧ್ಯಮದ ಮಕ್ಕಳಿಗೆ ವಿಜ್ಞಾನ ಹೇಳಿಕೊಡುತ್ತೇನೆ. ಬಲ ಬಿದ್ದಾಗ ವಸ್ತುವಿನ ಆಕಾರವೋ ಅಳತೆಯೋ ಬದಲಾದರೆ ಅದು ಡಿಫಾರ್ಮೇಶನ್. ಬೋರ್ಡಿನ ಮೇಲೆ ‘ವಿರೂಪ’ ಅಂತ ಬರೆದೆ. "ಅಂದ್ರೆ ಅಂದಗೆಡೋದಾ ಮಿಸ್?" ಅಂತ ಒಬ್ಬಳು ಕೇಳಿದಳು. ರಬ್ಬರ್ ಬ್ಯಾಂಡ್ ಎಳೆದು ಬಿಟ್ಟೆ, ಮೊದಲಿನ ಹಾಗೇ ಆಯಿತು. ಅಲ್ಲಿ ಅಂದಗೆಟ್ಟಿದ್ದು ಏನೂ ಇಲ್ಲ, ಅಲ್ವಾ? ಕೆಳಗೆ ಬಿದ್ದು ನೆಗ್ಗಿದ ಸ್ಟೀಲ್ ಲೋಟ ಮಾತ್ರ ನೆಗ್ಗಿದ ಹಾಗೇ ಉಳಿಯುತ್ತದೆ. ಮೊದಲನೆಯದು ಎಲಾಸ್ಟಿಕ್, ಎರಡನೆಯದು ಪ್ಲಾಸ್ಟಿಕ್ ಡಿಫಾರ್ಮೇಶನ್.

ನೆಗ್ಗು, ಬಾಗು, ಸೊಟ್ಟ ಇವೆಲ್ಲ ಒಂದೊಂದು ಬಗೆಗೆ ಮಾತ್ರ ಹೊಂದುತ್ತವೆ. ಎಲ್ಲಕ್ಕೂ ಒಗ್ಗುವ ಒಂದು ಪದ ಬೇಕು. ‘ಆಕಾರ ಬದಲಾವಣೆ’ ನಡೆಯುತ್ತದಾ? ಕಮ್ಮಾರಿಕೆ, ಕುಂಬಾರಿಕೆ ಮನೆಯವರು ಯಾರಾದರೂ ಇದ್ದರೆ, ನಿಮ್ಮ ಕಡೆ ಏನಂತೀರಿ, ದಯವಿಟ್ಟು ತಿಳಿಸಿ.