ಇಳಿಯಬೇಕಿದ್ದ ವಿಮಾನ ಮತ್ತೆ ಮೇಲೇರಿದರೆ ಭಯಪಡಬೇಕೇ? ಅನುಭವವಿದ್ದವರು ತಿಳಿಸಿ

ಪ್ರಶ್ನೆ:
ಕಳೆದ ತಿಂಗಳು ನಾನಿದ್ದ ವಿಮಾನ ಇಳಿಯುವ ಹೊತ್ತಿಗೆ ಜೋರು ಮಳೆಯಿತ್ತು. ರನ್‌ವೇಯ ದೀಪಗಳು ಕಿಟಕಿಯಲ್ಲಿ ಕಾಣಿಸಿದ ಮೇಲೆ ಎಂಜಿನ್‌ಗಳು ಏಕಾಏಕಿ ಮೊರೆದು, ನಾವು ಮತ್ತೆ ಮೋಡದೊಳಗೆ ಸೇರಿಕೊಂಡೆವು. ಬಹಳ ಹೊತ್ತಿನವರೆಗೆ ಯಾವ ಪ್ರಕಟಣೆಯೂ ಬರಲಿಲ್ಲ. ಎರಡನೆಯ ಸಲ ಇಳಿದಾಗ ಚಕ್ರಗಳು ನೆಲಕ್ಕೆ ಅಪ್ಪಳಿಸಿದಂತಾಯಿತು. ಕೆಲವೇ ವಾರಗಳಲ್ಲಿ ವಯಸ್ಸಾದ ತಾಯಿಯವರನ್ನು ಅದೇ ಸಂಸ್ಥೆಯ ವಿಮಾನದಲ್ಲಿ ಕರೆದೊಯ್ಯಬೇಕಿದೆ. ಟಿಕೆಟ್ ರದ್ದು ಮಾಡಲೇ? ಸಂಸ್ಥೆಯೊಂದು ಸುರಕ್ಷಿತವೆಂದು ನಮ್ಮಂಥವರು ತಿಳಿಯುವುದು ಹೇಗೆ?

ನಿವೃತ್ತ ಪೈಲಟ್:
ರದ್ದು ಮಾಡಬೇಡಿ. ನಿಮ್ಮನ್ನು ಹೆದರಿಸಿದ ಆ ಕ್ರಮಕ್ಕೆ ನಾವು ಗೋ-ಅರೌಂಡ್ ಎನ್ನುತ್ತೇವೆ. ಅದನ್ನು ಮಾಡಿದ್ದಕ್ಕಾಗಿಯೇ ನಾನು ಆ ಪೈಲಟ್‌ನನ್ನು ಮೆಚ್ಚುತ್ತೇನೆ. ಮೋಡ ಮಳೆಯಲ್ಲಿ ಇಳಿಯುವಾಗ ನೆಲದಿಂದ 1000 ಅಡಿ ಎತ್ತರಕ್ಕೆ ಬರುವಷ್ಟರಲ್ಲಿ ವೇಗ, ಇಳಿಯುವ ದರ, ಚಕ್ರ, ಫ್ಲಾಪ್ (ರೆಕ್ಕೆಯ ಹಿಂಬದಿಯಿಂದ ಚಾಚುವ ಪಟ್ಟಿಗಳು) ಎಲ್ಲವೂ ಇರಬೇಕಾದಂತೆಯೇ ಇರಬೇಕು, ಇಲ್ಲವಾದರೆ ಮರುಮಾತಿಲ್ಲದೆ ಮೇಲೇರಬೇಕು ಎಂಬುದು ಬಹುತೇಕ ಸಂಸ್ಥೆಗಳ ನಿಯಮ. ಅದನ್ನು ಮೀರಿದರೆ ಏನಾಗುತ್ತದೆ ಎಂಬುದನ್ನು 2010ರ ಮೇ 22ರಂದು ಮಂಗಳೂರಿನಲ್ಲಿ ಕಂಡಿದ್ದೇವೆ. ವಿಮಾನ ಇರಬೇಕಾದುದಕ್ಕಿಂತ ಬಹಳ ಎತ್ತರದಲ್ಲಿತ್ತು. ಮೇಲೇರುವಂತೆ ಸಹಪೈಲಟ್ ಮೂರು ಸಲ ಹೇಳಿದರೂ ಕ್ಯಾಪ್ಟನ್ ಇಳಿಸುವುದನ್ನೇ ಮುಂದುವರಿಸಿದರೆಂದು ತನಿಖಾ ವರದಿ ಹೇಳುತ್ತದೆ. ಸುಮಾರು 8000 ಅಡಿ ಉದ್ದದ ರನ್‌ವೇಯಲ್ಲಿ 5200 ಅಡಿ ಕಳೆದ ಮೇಲೆ ಚಕ್ರಗಳು ನೆಲ ಮುಟ್ಟಿದವು. 158 ಮಂದಿ ತೀರಿಕೊಂಡರು, ಎಂಟು ಮಂದಿ ಬದುಕುಳಿದರು.

ಚಕ್ರ ಅಪ್ಪಳಿಸಿದ ಬಗ್ಗೆಯೂ ಒಂದು ಮಾತು. ನೀರು ನಿಂತ ರನ್‌ವೇಯಲ್ಲಿ ಹಗುರವಾಗಿ ಇಳಿಸಿದರೆ ಟೈರುಗಳು ನೀರಿನ ಪದರದ ಮೇಲೆಯೇ ಜಾರುತ್ತವೆ, ಬ್ರೇಕ್ ಹಿಡಿಯುವುದಿಲ್ಲ. ಆದ್ದರಿಂದ ಬೇಕೆಂದೇ ಗಟ್ಟಿಯಾಗಿ ಇಳಿಸುತ್ತೇವೆ. ಹೂವಿನಂತೆ ಇಳಿಸಿದನೆಂದು ಪ್ರಯಾಣಿಕರು ಚಪ್ಪಾಳೆ ತಟ್ಟಿದ ನನ್ನ ಒಂದು ಲ್ಯಾಂಡಿಂಗ್, ನನ್ನ ಲೆಕ್ಕದಲ್ಲಿ ಅತ್ಯಂತ ಕೆಟ್ಟದ್ದು: ನೆಲದ ಮೇಲೆ ತೇಲಿಸುತ್ತಾ ಅರ್ಧ ರನ್‌ವೇಯನ್ನು ಸುಮ್ಮನೆ ಕಳೆದಿದ್ದೆ. ಬಹಳ ಹೊತ್ತು ಪ್ರಕಟಣೆ ಬಾರದಿದ್ದುದು ಸಹಜವೇ. ಆಗ ಕಾಕ್‌ಪಿಟ್‌ನಲ್ಲಿ ಇಬ್ಬರಿಗೂ ಕೈತುಂಬ ಕೆಲಸವಿರುತ್ತದೆ.

ಆಗಾಗ್ಗೆ ಪ್ರಯಾಣಿಸುವವರು:
ಪೈಲಟ್ ಅವರ ಮಾತನ್ನು ಒಪ್ಪುತ್ತಲೇ ಒಂದು ತಿದ್ದುಪಡಿ ಸೇರಿಸುತ್ತೇನೆ. 2020ರ ಆಗಸ್ಟ್ 7ರಂದು ಕೋಯಿಕ್ಕೋಡ್‌ನಲ್ಲಿ ಅಪಘಾತಕ್ಕೀಡಾದ ವಿಮಾನವೂ ಮೊದಲ ಸಲ ಇಳಿಯದೆ ಮೇಲೇರಿತ್ತು. ಎರಡನೆಯ ಪ್ರಯತ್ನದಲ್ಲಿ, ಮಳೆಯ ನಡುವೆ, ಹಿಂಗಾಳಿಯಿದ್ದರೂ ಇಳಿದು, ರನ್‌ವೇಯ ಅರ್ಧದಷ್ಟು ದೂರದಲ್ಲಿ ನೆಲ ಮುಟ್ಟಿತು. ಕ್ಯಾಪ್ಟನ್ ಕಡೆಯ ವೈಪರ್ ಕೂಡ ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ. 21 ಮಂದಿ ಸತ್ತರು. ಹಾಗಾಗಿ ಒಮ್ಮೆ ಮೇಲೇರಿದರೆ ಸಾಲದು, ಬೇಕಿದ್ದರೆ ಎರಡನೆಯ ಸಲವೂ ಮೇಲೇರಿ ಬೇರೆ ಊರಿಗೆ ಹೋಗಿ ಇಳಿಯುವ ಮನಸ್ಸಿರಬೇಕು. ತಡವಾಯಿತೆಂದು ಸಿಬ್ಬಂದಿಯ ಮೇಲೆ ಕೂಗಾಡುವ ನಾವೂ ಆ ಒತ್ತಡದ ಒಂದು ಪಾಲು ಎಂದು ನನಗೆ ಅನ್ನಿಸುತ್ತದೆ.

ಸಂಸ್ಥೆಯ ಆಯ್ಕೆಗೆ ನಾನು ನೋಡುವುದು ಎರಡನ್ನು ಮಾತ್ರ. ಐರೋಪ್ಯ ಒಕ್ಕೂಟ ನಿಷೇಧಿಸಿದ ಸಂಸ್ಥೆಗಳ ಬಹಿರಂಗ ಪಟ್ಟಿಯಲ್ಲಿ ಅದರ ಹೆಸರಿದೆಯೇ, ವಿಮಾನಯಾನ ಸಂಸ್ಥೆಗಳ ಜಾಗತಿಕ ಸಂಘವಾದ ಐಯಾಟಾ ನಡೆಸುವ ‘ಐಯೋಸಾ’ ಎಂಬ ಸುರಕ್ಷತಾ ಪರಿಶೀಲನೆಯ ನೋಂದಣಿಯಲ್ಲಿ ಇದೆಯೇ ಎಂದು ಯಾರು ಬೇಕಾದರೂ ಹುಡುಕಿ ನೋಡಬಹುದು. ಸೇವೆಗೆ ಸಿಗುವ ನಕ್ಷತ್ರಗಳಿಗೂ ಸುರಕ್ಷತೆಗೂ ಸಂಬಂಧವಿಲ್ಲ.

ಹಿಂದೆ ಕ್ಯಾಬಿನ್ ಸಿಬ್ಬಂದಿಯಾಗಿದ್ದವರು:
ಸಂಸ್ಥೆಯನ್ನು ಆರಿಸಿದ ಮೇಲೂ ನಿಮ್ಮ ಕೈಯಲ್ಲಿ ಕೆಲವು ಸಂಗತಿಗಳು ಉಳಿಯುತ್ತವೆ. 2025ರ ಫೆಬ್ರವರಿ 17ರಂದು ಟೊರಾಂಟೊದಲ್ಲಿ ಇಳಿಯುವಾಗ ವಿಮಾನವೊಂದು ಮಗುಚಿ ಬಿದ್ದರೂ ಒಳಗಿದ್ದ 80 ಮಂದಿಯೂ ಬದುಕಿದರು. ಸೀಟ್ ಬೆಲ್ಟ್ ಬಿಗಿಯಾಗಿಲ್ಲದಿದ್ದರೆ ಅದು ಸಾಧ್ಯವಿರಲಿಲ್ಲ. ಹೊಟ್ಟೆಯ ಮೇಲಲ್ಲ, ಸೊಂಟದ ಮೂಳೆಯ ಮೇಲೆ ಬೆಲ್ಟ್ ಕೂರಬೇಕೆಂದು ತಾಯಿಯವರಿಗೆ ತೋರಿಸಿಕೊಡಿ. ಕುಳಿತ ಕೂಡಲೇ ತುರ್ತು ದ್ವಾರದವರೆಗೆ ಎಷ್ಟು ಸಾಲುಗಳಿವೆ ಎಂದು ಎಣಿಸಿ, ಹಿಂದಕ್ಕೂ ಎಣಿಸಿ, ಏಕೆಂದರೆ ಹೊಗೆಯಲ್ಲಿ ಕಣ್ಣು ಕಾಣದಿದ್ದರೂ ಕೈಗೆ ಸೀಟಿನ ಬೆನ್ನು ಸಿಗುತ್ತದೆ. 2024ರ ಜನವರಿ 2ರಂದು ಟೋಕಿಯೊದ ಹನೇಡಾದಲ್ಲಿ ಇಳಿದ ವಿಮಾನ ಕರಾವಳಿ ಕಾವಲು ಪಡೆಯ ವಿಮಾನಕ್ಕೆ ಡಿಕ್ಕಿಯಾಗಿ ಹೊತ್ತಿಕೊಂಡಾಗ ಎಂಟು ದ್ವಾರಗಳಲ್ಲಿ ಮೂರನ್ನು ಮಾತ್ರ ಬಳಸಲು ಸಾಧ್ಯವಾಯಿತು, ಧ್ವನಿವರ್ಧಕ ಕೆಟ್ಟಿತ್ತು. ಆದರೂ 379 ಮಂದಿಯೂ ಹೊರಬಂದರು. ಬ್ಯಾಗಿಗಾಗಿ ಒಬ್ಬರು ನಿಂತರೆ ಹಿಂದಿನ ಸಾಲೆಲ್ಲ ನಿಲ್ಲುತ್ತದೆ. ಆದ್ದರಿಂದ ತಾಯಿಯವರ ಮಾತ್ರೆಗಳು ಮೇಲಿನ ಬ್ಯಾಗಿನಲ್ಲಿ ಇರದಿರಲಿ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಕೃತಜ್ಞತೆಗಳು. ಟಿಕೆಟನ್ನು ಹಾಗೆಯೇ ಉಳಿಸಿಕೊಂಡಿದ್ದೇನೆ. ಅಮ್ಮನಿಗೆ ಮಾತ್ರೆ, ಕನ್ನಡಕ ಹಿಡಿಸುವ ಒಂದು ಚಿಕ್ಕ ಚೀಲವನ್ನು ಹೊಲಿಸಿದೆ. ಕೊರಳಿಗೆ ಹಾಕಿಕೊಂಡು ಈಗಾಗಲೇ ಮನೆಯಲ್ಲಿ ಓಡಾಡುತ್ತಿದ್ದಾರೆ.